ಕಮ್ಮಲ್ ಅಮ್ಮನ ಹಸಿರು ಮಂಚಗಳು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ, ಎರಡು ಸಣ್ಣ ಹೆಂಚುಗಳ ಹಾಗೆ ಬೇರೆ ಬೇರೆಯಾಗಿ ಬೆಳೆದಿತ್ತು. ಹಸುವಿನ ಕಿವಿಗೆ ನಂಬರಿನ ಬಿಲ್ಲೆ ಚುಚ್ಚುವ ಇಕ್ಕಳ ಒಂದು ದಿನ ಕಿವಿಯನ್ನು ಬಿಟ್ಟು ಅವರ ಬೆರಳನ್ನೇ ಕಚ್ಚಿತ್ತಂತೆ. ಬಲಗೈ ಎಂದು ಬರೆದೆ. ನನ್ನ ಹೆಂಡತಿ ಎಡಗೈ ಎಂದು ವಾದಿಸುತ್ತಾಳೆ. ನೋಡೋಣವೆಂದರೆ, ಇರುವ ಮೂರ್ನಾಲ್ಕು ಫೋಟೋಗಳಲ್ಲೂ ಅವರು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತಿದ್ದಾರೆ. ಅಷ್ಟು ವರ್ಷ ಜೊತೆಯಲ್ಲಿ ಓಡಾಡಿ ಒಂದು ಬೆರಳನ್ನು ಸರಿಯಾಗಿ ನೆನಪಿಟ್ಟುಕೊಳ್ಳಲಾರದವನು ಉಳಿದದ್ದನ್ನು ಎಷ್ಟು ಸರಿಯಾಗಿ ಬರೆದಾನು? ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಹೋಗಬೇಕು.

ಕ್ರೋಂಪೇಟೆಯಲ್ಲಿ ಅವರದು ನಮ್ಮ ಎದುರು ಮನೆ. ಅವರ ತಂದೆ ಬಾಗಲಕೋಟೆ ಕಡೆಯಿಂದ ರವಿಕೆ ಖಣದ ವ್ಯಾಪಾರಕ್ಕೆಂದು ಮದರಾಸಿಗೆ ಬಂದು ಇಲ್ಲೇ ನಿಂತವರು. ನಮ್ಮದು ಮೈಸೂರು ಕಡೆಯ ರೈಲ್ವೆ ಮನೆ. ಎರಡು ಮನೆಯ ಕನ್ನಡಗಳೂ ಬೇರೆ, ದೇವರ ಮನೆಗಳೂ ಬೇರೆ. ಆದರೂ ನನಗೆ ಮಾತು ಬಂದಾಗಿನಿಂದ ಅವರನ್ನು ಅತ್ತೆ ಎಂದೇ ಕರೆದೆ. ಇನ್ಶೂರೆನ್ಸ್ ಕಂಪನಿಯಲ್ಲಿ ದನಗಳ ವಿಮೆ ನೋಡಿಕೊಳ್ಳುವ ಕೆಲಸ ಅವರದು. ವಿಮೆ ಮಾಡಿಸಿದ ಹಸುವಿನ ಕಿವಿಗೆ ಬಿಲ್ಲೆ ಹಾಕುವುದು, ಹಸು ಸತ್ತರೆ ಹೋಗಿ ಆ ಬಿಲ್ಲೆಯ ನಂಬರನ್ನು ತಾಳೆ ನೋಡುವುದು. ತಮಿಳಿನಲ್ಲಿ ಕಿವಿಯ ಓಲೆಗೆ ಕಮ್ಮಲ್ ಎನ್ನುತ್ತಾರೆ. ಹಳ್ಳಿಗಳಲ್ಲಿ ಅತ್ತೆಗೆ ಇದ್ದ ಹೆಸರು ಕಮ್ಮಲ್ ಅಮ್ಮ.

ಹೆಸರು ಮುದ್ದಾಗಿದ್ದರೂ ಅವರು ಬಂದದ್ದನ್ನು ಕಂಡು ಯಾರೂ ಸಂತೋಷಪಡುತ್ತಿರಲಿಲ್ಲ. ಬಿಲ್ಲೆ ಹಾಕಿ ಹೋದವರು ಮತ್ತೆ ಅಂಗಳಕ್ಕೆ ಕಾಲಿಟ್ಟರೆ ಹಸು ಸತ್ತಿದೆ ಎಂದೇ ಅರ್ಥ. ಅಂಥ ಮನೆಗಳಲ್ಲಿ ಸರ್ವೀಸು ಪೂರ್ತಿ ಓಡಾಡಿದ ಅತ್ತೆ ಒಂದು ಅಭ್ಯಾಸ ಕಲಿತಿದ್ದರು. ಯಾರ ಮನೆಗೆ ಹೋದರೂ ಕೂರುವ ಮೊದಲು, ನೀರು ಕುಡಿಯುವ ಮೊದಲು, ನೇರ ಕೊಟ್ಟಿಗೆಗೆ ಹೋಗಿ ಗೋದಲಿಯೊಳಗೆ ಕೈಯಾಡಿಸಿ ನೋಡುವುದು. "ಮಂದಿ ಸುಳ್ಳು ಹೇಳ್ತಾರ, ಗ್ವಾದಲಿ ಹೇಳೂದಿಲ್ಲ ತಮ್ಮಾ" ಎನ್ನುತ್ತಿದ್ದರು. ಆ ಗೋದಲಿಗಳಲ್ಲಿ ಅವರು ಕಂಡದ್ದು ಒಣ ಭತ್ತದ ಹುಲ್ಲು, ಅದರ ಮೇಲೆ ಅಂಗಡಿಯಿಂದ ತಂದ ಒಂದು ಹಿಡಿ ಹಿಂಡಿ. ಹಸಿರೆಂಬುದು ಮಳೆಯ ಎರಡು ತಿಂಗಳು ಮಾತ್ರ.

ನಿವೃತ್ತಿಯಾದ ಮರುವಾರ ನನ್ನನ್ನು ಕರೆದರು. ನಾನಾಗ ಮಣ್ಣಿನ ಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ, ಎರಡು ಕೆಲಸ ಹಿಡಿದು, ಎರಡನ್ನೂ ಬಿಟ್ಟು ಮನೆಯಲ್ಲಿ ಕೂತಿದ್ದೆ.

"ಇಷ್ಟ ದಿನ ಆಕಳ ಸತ್ತ ಮ್ಯಾಲೆ ಹೋಗ್ತಿದ್ದೆ. ಇನ್ನ ಜೀವಂತ ಇದ್ದಾಗ ಹೋಗೂಣು ಅಂತ ಅದೀನಿ. ನೀ ಬರ್ತಿ?"

"ಏನು ಮಾಡೋಕೆ ಅತ್ತೆ?"

"ಕುದುರೆ ಮಸಾಲೆ ಬೆಳ್ಸಾಕ."

ನಾನು ನಕ್ಕುಬಿಟ್ಟೆ. ನಮ್ಮ ಪುಸ್ತಕಗಳಲ್ಲಿ ಅಲ್‌ಫಾಲ್ಫಾ, ಲೂಸರ್ನ್ ಎಂದು ಬರುವ ಮೇವಿನ ಬೆಳೆ ಅದು. ಒಮ್ಮೆ ಬಿತ್ತಿದರೆ ಮೂರು ನಾಲ್ಕು ವರ್ಷ ಕೊಯ್ಯಬಹುದು. ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಳ್ಳುವುದರಿಂದ ಮೂಟೆ ಗೊಬ್ಬರ ಬೇಡ. ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಸಾಯುತ್ತದೆ. ಅತ್ತೆ ಅದನ್ನು ಬೆಳೆಸಬೇಕೆಂದಿದ್ದ ಊರು ತಿರುವೊಟ್ಟಿಯೂರನ್ನೂ ದಾಟಿ ಉತ್ತರಕ್ಕೆ, ಸಮುದ್ರದಿಂದ ಹೆಚ್ಚು ದೂರವಿಲ್ಲದ ಭತ್ತದ ಬಯಲು. ದೀಪಾವಳಿಯಿಂದ ಪೊಂಗಲ್‌ವರೆಗೆ ಅಲ್ಲಿ ನೀರು ನಿಲ್ಲದ ಜಾಗವೇ ಇಲ್ಲ. ಇದನ್ನೆಲ್ಲ ವಿವರಿಸಿ, ಚಾರ್ಟ್ ಬರೆದು ತೋರಿಸಿದೆ.

"ಚಾರ್ಟ್ ಚೊಲೋ ಐತಿ" ಎಂದರು. "ಗ್ವಾದಲ್ಯಾಗ ಹಾಕಿ ನೋಡು, ಆಕಳ ತಿಂದ್ರೂ ತಿನಬಹುದು."

ಬೀಚ್ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ, ಇಳಿದ ಮೇಲೆ ಷೇರ್ ಆಟೋ ಹಿಡಿದು ಆ ಊರಿಗೆ ಹೋದೆವು. ಅಣ್ಣತಮ್ಮಂದಿರ ಐದು ಮನೆ, ಹನ್ನೊಂದು ಹಸು. ಎಲ್ಲಕ್ಕೂ ಹಿರಿಯ ಒಬ್ಬ ಅಜ್ಜ. ಊರವರೆಲ್ಲ ಪೆರಿಯವರ್ ಎನ್ನುತ್ತಿದ್ದರು. ಅವರೆಲ್ಲರ ಮಾತು ತಮಿಳು. ನನಗೆ ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾವ ಹಸು ಸತ್ತಿತಮ್ಮಾ? ನಮಗೇ ಗೊತ್ತಾಗಲಿಲ್ಲವಲ್ಲ!" ಎಂದು ಅಜ್ಜ ಕೂತಲ್ಲಿಂದಲೇ ಕೂಗಿದ. ಹೆಂಗಸರೆಲ್ಲ ನಕ್ಕರು. ಅತ್ತೆ ಆಗಲೇ ಕೊಟ್ಟಿಗೆಯಲ್ಲಿದ್ದರು.

ಆ ಮನೆಗಳಲ್ಲಿ ಅಷ್ಟರಲ್ಲೇ ಒಂದು ತೀರ್ಮಾನವಾಗಿತ್ತು. ಹಿಂಡಿ ಕೊಂಡು ಹಸು ಸಾಕಿ ಪೂರೈಸುವುದಿಲ್ಲ. ಪೊಂಗಲ್ ಕಳೆದ ಮೇಲೆ ಹನ್ನೊಂದನ್ನೂ ದಲ್ಲಾಳಿಗೆ ಒಪ್ಪಿಸಿಬಿಡುವುದು. ಇದನ್ನು ನಮಗೆ ಪಿಸುಗುಟ್ಟಿದವಳು ಅಜ್ಜನ ಕಿರಿಯ ಸೊಸೆ. ಎರಡು ಹಸು ಅವಳವು. ಹಾಲು ಕರೆದು ಡಿಪೋಗೆ ಹಾಕಿ ಬರುವವಳೂ ಅವಳೇ. ಹಸು ಹೋದರೆ ತಾನು ಬೆಳಗಾಗೆದ್ದು ಬಸ್ಸು ಹತ್ತಿ ಯಾವುದಾದರೂ ಕಂಪನಿಯಲ್ಲಿ ಗುಡಿಸುವ ಕೆಲಸಕ್ಕೆ ಸೇರಬೇಕು ಎಂದಳು. ಅದನ್ನು ಅವಳು ದುಃಖದಿಂದ ಹೇಳಲಿಲ್ಲ, ಸಿಟ್ಟಿನಿಂದ ಹೇಳಿದಳು.

ಅತ್ತೆ ಅಜ್ಜನ ಎದುರು ಹೋಗಿ ನಿಂತರು. ಎಕರೆ ಕೇಳಲಿಲ್ಲ, ಸೆಂಟು ಕೇಳಲಿಲ್ಲ. ಅವನು ಕೂತಿದ್ದ ಹಗ್ಗದ ಮಂಚವನ್ನು ತೋರಿಸಿ, "ಮನೆಗೆ ಇಂಥ ಹತ್ತು ಮಂಚ ಹಿಡಿಯುವಷ್ಟು ಜಾಗ ಕೊಡಿ" ಎಂದರು.

"ಮಲಗುವುದು ಯಾರು?"

"ಬೆಳೆ. ಅದಕ್ಕೂ ನಿಮ್ಮ ಹಾಗೇ ನೆಲದ ತೇವ ಆಗುವುದಿಲ್ಲ."

ಅಜ್ಜ ಆ ಮಾತಿಗೆ ಸೋತ. ಷರತ್ತು ಮಾತ್ರ ಗಟ್ಟಿಯಾಗಿಯೇ ಹಾಕಿದ: ಮಾಟ್ಟು ಪೊಂಗಲ್ ದಿನ, ಎಂದರೆ ದನಗಳ ಹಬ್ಬದ ದಿನ, ತಾನು ನೋಡುತ್ತೇನೆ. ಹಸಿರಿದ್ದು ಹಸುಗಳು ತಿನ್ನುತ್ತಿದ್ದರೆ ಸರಿ. ಇಲ್ಲದಿದ್ದರೆ ಮಂಚಗಳ ಮೇಲೆ ನೇಗಿಲು ಹಾಯುತ್ತದೆ, ಹಸುಗಳು ಹೋಗುತ್ತವೆ. "ಆಮೇಲೆ ನೀವು ಹಸು ಸತ್ತರೆ ಮಾತ್ರ ಬಂದರೆ ಸಾಕು, ಅಮ್ಮಾ. ಹಸುವೇ ಇರುವುದಿಲ್ಲ, ಹಾಗಾಗಿ ಬರುವುದೂ ಬೇಡ."

ಹಗ್ಗದ ಮಂಚದಷ್ಟು ಅಗಲ, ಮಂಚದಷ್ಟೇ ಎತ್ತರದ ಮಣ್ಣಿನ ಮಡಿಗಳು ಎದ್ದವು. ನಡುವೆ ನೀರು ಹರಿದುಹೋಗಲು ಕಾಲುವೆ. ಎರಡೂ ಕಡೆಯಿಂದ ಕೈ ಚಾಚಿದರೆ ಮಡಿಯ ನಡು ಸಿಗಬೇಕು, ಯಾರೂ ಮೇಲೆ ಹತ್ತಿ ತುಳಿಯಬಾರದು. ಬೀಜಕ್ಕೆ ಅನ್ನದ ಗಂಜಿಯಲ್ಲಿ ಜೀವಾಣು ಪುಡಿ ಕಲಸಿ ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿದರು. ಕೊಟ್ಟಿಗೆ ಗೊಬ್ಬರ ಬಿಟ್ಟು ಬೇರೇನೂ ಹಾಕಲಿಲ್ಲ. ಮಂಚದ ಉಪಾಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಏರುಮಡಿ ಎಂದು ನನ್ನ ಪುಸ್ತಕದಲ್ಲಿ ಇತ್ತು. ಆದರೆ ಏರುಮಡಿ ಎಂದರೆ ಎಷ್ಟು ಏರು ಎಂದು ಆ ಊರಿನಲ್ಲಿ ಯಾರು ಬಲ್ಲರು? ಮಂಚವನ್ನು ಎಲ್ಲರೂ ಬಲ್ಲರು.

ಎರಡು ತಿಂಗಳಿಗೆ ಮಡಿಗಳು ಮೊಣಕಾಲುದ್ದ ಬೆಳೆದು, ಅಲ್ಲೊಂದು ಇಲ್ಲೊಂದು ನೇರಳೆ ಹೂವು ಬಿಟ್ಟವು. ಮೊದಲ ಕೊಯ್ಲಿಗೆ ಅದೇ ಹೊತ್ತು. ಸರಿಯಾಗಿ ಆಗಲೇ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಧೂಳಿಗೆ ಹೋಗಬಾರದೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು.

"ನೀ ಹೋಗಿ ಬಾ" ಎಂದರು. "ಕೊಯ್ಯೂದ ಹೆಂಗ ಅಂತ ನಿಂತು ನೋಡು. ನೋಡಿದ ಮ್ಯಾಲೆ ಬಾ."

ನಾನು ಹೋದೆ. ಕೊಯ್ಯುವುದು ಹೇಗೆಂದು ಸೊಸೆಯಂದಿರಿಗೆ ಹೇಳಿದೆ. ಅವರಿಗೆ ಅಂದು ಹಾಲಿನ ಡಿಪೋದ ಮೀಟಿಂಗು ಇತ್ತು, ಕೊಯ್ಲು ನಾಳೆ ಎಂದರು. ನಾಳೆಯವರೆಗೆ ನಿಲ್ಲುವ ತಾಳ್ಮೆ ನನಗಿರಲಿಲ್ಲ. ನಾಲ್ಕೂವರೆಯ ಗಾಡಿ ಹಿಡಿದು ಬಂದು, "ಎಲ್ಲ ಹೇಳಿ ಬಂದೆ ಅತ್ತೆ" ಎಂದೆ.

ಹತ್ತು ದಿನದ ನಂತರ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಹೊರಟರು. ಮಳೆ ಶುರುವಾಗಿತ್ತು. ಊರಿನಲ್ಲಿ ನಮಗೆ ಕಂಡದ್ದು ಬೋಳು ಮಂಚಗಳು. ಹೆಂಗಸರು ಬೆಳೆಯನ್ನು ಭತ್ತ ಕೊಯ್ಯುವ ಹಾಗೆ, ಎಡಗೈಯಲ್ಲಿ ಮೇಲೆ ಹಿಡಿದು, ಕುಡುಗೋಲನ್ನು ಮಣ್ಣಿಗೆ ತಾಗಿಸಿ ಕೊಯ್ದಿದ್ದರು. ಭತ್ತಕ್ಕೆ ಅದೇ ಸರಿ. ಹುಲ್ಲು ಒಂದಂಗುಲವೂ ದಂಡವಾಗಬಾರದೆಂದು ಅವರಿಗೆ ಅವರ ಅತ್ತೆಯಂದಿರು ಕಲಿಸಿದ ಕೈ ಅದು. ಆದರೆ ಕುದುರೆ ಮಸಾಲೆಯ ಮುಂದಿನ ಚಿಗುರು ಇರುವುದು ಬುಡದ ಮೋಟಿನಲ್ಲಿ. ಮೋಟನ್ನೇ ಒಯ್ದರೆ, ಅದರ ಮೇಲೆ ಮಳೆಯೂ ಬಿದ್ದರೆ, ಗಿಡಕ್ಕೆ ಮತ್ತೆ ಏಳಲು ಏನೂ ಉಳಿಯುವುದಿಲ್ಲ.

ಅಜ್ಜ ಕೊಡೆ ಹಿಡಿದು ಬಂದ. "ಪೊಂಗಲ್‌ವರೆಗೆ ಯಾಕಮ್ಮಾ ಕಾಯಬೇಕು?" ಎಂದ.

ಕಿರಿಯ ಸೊಸೆ ಕೊಟ್ಟಿಗೆಯ ಬಾಗಿಲಿಗೆ ಒರಗಿ ನಿಂತಿದ್ದಳು. ತಾನೇ ಎಲ್ಲರಿಗಿಂತ ಚೊಕ್ಕಟವಾಗಿ ಕೊಯ್ದು, ಎಲ್ಲರಿಗಿಂತ ಹೆಚ್ಚು ಕೆಡಿಸಿದ್ದೆನೆಂಬುದು ಅವಳಿಗೆ ಆಗ ಅರ್ಥವಾಗಿತ್ತು. ಅವಳ ಓರಗಿತ್ತಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಜೋರಾಗಿ, ಐದು ಮನೆಗೂ ಕೇಳಿಸುವಂತೆ ತಮಿಳಿನಲ್ಲಿ ಹೇಳಿದರು: "ತಪ್ಪು ನನ್ನದು. ಬಂದು ಕೈ ಹಿಡಿದು ತೋರಿಸಬೇಕಿತ್ತು, ತೋರಿಸಲಿಲ್ಲ. ಈ ಹುಡುಗಿಯರನ್ನು ಯಾರಾದರೂ ಏನಾದರೂ ಅಂದರೆ ನನ್ನನ್ನು ಅಂದ ಹಾಗೆ."

ಆಮೇಲೆ ಮಳೆಯಲ್ಲೇ ಕುಕ್ಕುರುಗಾಲಲ್ಲಿ ಕೂತು ಒಂದು ಬುಡವನ್ನು ಆ ಸೀಳು ಉಗುರಿನಿಂದ ಕೆರೆದರು. ಸಿಪ್ಪೆಯ ಕೆಳಗೆ ಕೆನೆಬಣ್ಣ, ಗಟ್ಟಿ. ಅಜ್ಜನ ಕೈಯಲ್ಲಿ ಗುದ್ದಲಿ ಕೊಟ್ಟು ಆ ಗಿಡವನ್ನು ಅಗೆಯಲು ಹೇಳಿದರು. ಅಜ್ಜ ಅಗೆದ, ಇನ್ನೂ ಅಗೆದ. ಬೇರು ಮುಗಿಯಲೇ ಇಲ್ಲ. ಅವನ ಮೊಣಕೈವರೆಗೂ ಬಂದ ಮೇಲೆ ತುಂಡಾಯಿತು. ಪಕ್ಕದ ಗದ್ದೆಯ ಭತ್ತದ ಬೇರು ಅಂಗೈಯಷ್ಟೂ ಇಲ್ಲ. ಅಜ್ಜ ಆ ತುಂಡನ್ನು ಮೂಸಿ ನೋಡಿದ. ಕೊಳೆತ ವಾಸನೆ ಇರಲಿಲ್ಲ.

"ಕೆಳಗಡೆ ಮನೆ ಕಟ್ಟಿಕೊಂಡಿದೆಯಲ್ಲ ಇದು!" ಎಂದ. "ಸರಿ, ಹಬ್ಬದವರೆಗೆ."

ವಾಪಸು ಬರುವಾಗ ಗಾಡಿಯಲ್ಲಿ ನಾನು ತಡೆಯಲಾರದೆ, "ಅತ್ತೆ, ನಾನು ಹೇಳಿದ್ದೆ. ಬುಡ ಬಿಟ್ಟು ಕೊಯ್ಯಬೇಕು ಅಂತ ಸ್ಪಷ್ಟವಾಗಿ ಹೇಳಿದ್ದೆ" ಎಂದೆ.

ಅವರು ಕಪ್ಪು ಕನ್ನಡಕ ತೆಗೆದು ಒರೆಸಿಕೊಂಡರು. "ಹೇಳಿದ್ದು ನೆನಪೈತೋ, ಹೇಳಬೇಕು ಅಂದ್ಕೊಂಡಿದ್ದು ನೆನಪೈತೋ?"

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಆ ದಿನದ ಪುಟದಲ್ಲಿ ಮಣ್ಣಿನ ಬಣ್ಣ, ತೇವ, ಗಾಡಿಯ ಸಮಯ ಇತ್ತು. ಬುಡದ ಮಾತಿರಲಿಲ್ಲ. ಅಂದಿನಿಂದ ಎಷ್ಟು ಸಲ ಆ ಮಧ್ಯಾಹ್ನವನ್ನು ನೆನೆದಿದ್ದೇನೋ, ಒಂದೊಂದು ಸಲ ಹೇಳಿದ ಹಾಗೆ, ಒಂದೊಂದು ಸಲ ಹೇಳದ ಹಾಗೆ ಕಾಣಿಸುತ್ತಿತ್ತು.

ಆ ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಅಲ್ಲಿಗೆ ಹೋದೆವು. ಅತ್ತೆ ನನಗೆ ಗುದ್ದಲಿ ಕೊಟ್ಟು ಕಾಲುವೆಗಳಿಗೆ ಇಳಿಸಿದರು. ನೀರು ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಕಟ್ಟುತ್ತಿತ್ತು. ಅಜ್ಜ ಜಗಲಿಯ ಮೇಲಿಂದ, "ಡಾಕ್ಟರಿಗೆ ಇವತ್ತು ಮಣ್ಣು ಸಿಕ್ಕಿತು!" ಎಂದು ಎಲ್ಲರಿಗೂ ಸಾರುತ್ತಿದ್ದ. ತಗ್ಗಿನಲ್ಲಿದ್ದ ಏಳೆಂಟು ಮಂಚ ಕೊಳೆತುಹೋದವು, ಅವನ್ನು ಉಳಿಸಲಾಗಲಿಲ್ಲ. ಮಿಕ್ಕವು ಮಾರ್ಗಳಿ, ಎಂದರೆ ಧನುರ್ಮಾಸ, ಹುಟ್ಟುವ ಹೊತ್ತಿಗೆ, ಮೊದಲು ಕಂಡೂ ಕಾಣದ ಹಾಗೆ, ಆಮೇಲೆ ದಿನಕ್ಕೊಂದು ಬೆರಳಿನಂತೆ ಚಿಗುರಿದವು.

ಎರಡನೆಯ ಕೊಯ್ಲಿಗೆ ಅತ್ತೆ ಅಳತೆಪಟ್ಟಿ ತರಲಿಲ್ಲ. ಸೊಸೆಯಂದಿರನ್ನು ಮಂಚದ ಎರಡೂ ಕಡೆ ಕೂರಿಸಿ, ಎಡಗೈಯ ಮುಷ್ಟಿಯನ್ನು ನೆಲಕ್ಕೆ ಊರಿ ಬುಡ ಹಿಡಿಯಲು ಹೇಳಿದರು. ಕುಡುಗೋಲು ಮುಷ್ಟಿಯ ಮೇಲೆ ಹಾಯಬೇಕು. ಕೈ ಕೆಳಗೆ, ಕತ್ತಿ ಮೇಲೆ. ಮುಷ್ಟಿಯೊಳಗೆ ಉಳಿದದ್ದು ಗಿಡದ ಪಾಲು, ಮೇಲೆ ಬಂದದ್ದು ಹಸುವಿನ ಪಾಲು.

ಹೇಳುವಷ್ಟು ಸುಲಭವಾಗಿರಲಿಲ್ಲ ಅದು. ಭತ್ತ ಕೊಯ್ದ ಕೈಗಳು ತಾವಾಗಿ ಮೇಲೆ ಹೋಗುತ್ತಿದ್ದವು, ಕತ್ತಿ ಕೆಳಗಿಳಿಯುತ್ತಿತ್ತು. ಓರಗಿತ್ತಿಯರು ಒಬ್ಬರ ಕೈಯನ್ನು ಒಬ್ಬರು ಹೊಡೆದು ಕೂಗುತ್ತಿದ್ದರು. "ಏಯ್, ಮತ್ತೆ ನಿಮ್ಮತ್ತೆ ಕೈ ಬಂತು ನೋಡೇ!" ಅತ್ತೆ ನಡುವೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಕೊಯ್ದದ್ದನ್ನು ಅರ್ಧ ದಿನ ಬಾಡಿಸಿ, ಒಣಹುಲ್ಲಿನ ಜೊತೆ ಬೆರೆಸಿಯೇ ಹಾಕಬೇಕು. ಹಸಿಯಾಗಿ ಬರೀ ಅದನ್ನೇ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಇದನ್ನೂ ಅವರು ಹೇಳಲಿಲ್ಲ. ತಾವೇ ನಿಂತು ಬೆರೆಸಿದರು, ಮರುದಿನ ಸೊಸೆಯಂದಿರಿಂದ ಬೆರೆಸಿಸಿದರು, ಮೂರನೆಯ ದಿನ ದೂರ ನಿಂತು ನೋಡಿದರು.

ಮಾಟ್ಟು ಪೊಂಗಲ್ ದಿನ ಬೆಳಿಗ್ಗೆ ಹನ್ನೊಂದು ಹಸುಗಳೂ ಮಿಂದು, ಕೊಂಬಿಗೆ ಬಣ್ಣ ಬಳಿಸಿಕೊಂಡು ನಿಂತಿದ್ದವು. ಅಜ್ಜ ಹೊಸ ಪಂಚೆಯುಟ್ಟು ಮೊದಲು ಮಂಚಗಳ ನಡುವೆ ನಡೆದ. ಇನ್ನೂ ಕೊಯ್ಯದ ಮಂಚಗಳ ಹಸಿರು ಅವನ ಸೊಂಟವನ್ನು ತಾಗುತ್ತಿತ್ತು. ಕೊನೆಯ ಮಂಚದ ಹತ್ತಿರ ನಿಂತು ಸುಮ್ಮನೆ ಸುತ್ತ ನೋಡಿದ. ಆಮೇಲೆ ಕೊಟ್ಟಿಗೆಗೆ ಬಂದು, ನಾನು ಎಣಿಸಿರದ ಒಂದು ಕೆಲಸ ಮಾಡಿದ: ಅತ್ತೆಯ ಹಾಗೆ ಗೋದಲಿಯೊಳಗೆ ಕೈಯಾಡಿಸಿದ. ಹಿಂಡಿ ಇರಲಿಲ್ಲ. ಇದ್ದದ್ದು ಬಾಡಿಸಿ ಬೆರೆಸಿದ ಹಸಿರು, ಅದೂ ಮುಕ್ಕಾಲು ಖಾಲಿ.

"ಹಾಲು?" ಎಂದು ಕಿರಿಯ ಸೊಸೆಯನ್ನು ಕೇಳಿದ.

"ಡಿಪೋದವರನ್ನು ಕೇಳಿ ಮಾವಾ. ನಾನು ಹೇಳಿದರೆ ಜಂಬ ಎನ್ನುತ್ತೀರಿ."

ಅಜ್ಜ ನಗಲಿಲ್ಲ. ತಾಂಬೂಲದ ತಟ್ಟೆಯನ್ನು ತಾನೇ ಎತ್ತಿಕೊಂಡು ಬಂದು ಅತ್ತೆಯ ಮುಂದೆ ಹಿಡಿದ. "ಕಮ್ಮಲಮ್ಮಾ, ದಲ್ಲಾಳಿ ನಾಳಿದ್ದು ಬರುತ್ತಾನೆ. ಅವನಿಗೆ ಏನು ಹೇಳಲಿ?"

"ಮೋರು ಕೊಟ್ಟು ಕಳಿಸಿ" ಎಂದರು ಅತ್ತೆ. ತಮಿಳಿನಲ್ಲಿ ಮೋರು ಎಂದರೆ ಮಜ್ಜಿಗೆ. "ನಿಮ್ಮ ಮನೆಯಲ್ಲಿ ಇನ್ನು ಅದಕ್ಕೇನು ಕಮ್ಮಿ?"

ಐದು ಮನೆಯ ಅಂಗಳವೂ ಒಟ್ಟಿಗೆ ನಕ್ಕಿತು. "ಪೊಂಗಲೋ ಪೊಂಗಲ್!" ಎಂದು ಯಾರೋ ಕೂಗಿದರು, ಮಕ್ಕಳು ತಟ್ಟೆ ಬಡಿದವು, ಬೆದರಿದ ಹಸುವೊಂದು ಹಗ್ಗ ಕಿತ್ತು ನೇರ ಮಂಚಗಳ ಕಡೆಗೇ ಓಡಿತು. ಅದನ್ನು ಹಿಡಿಯಲು ಓಡಿದವರಲ್ಲಿ ಅಜ್ಜನೇ ಮೊದಲಿಗ. "ತುಳೀತದೆ, ತುಳೀತದೆ!" ಎಂದು ಕಿರುಚುತ್ತಾ ಅವನು ಎರಡು ಕೈ ಅಗಲಿಸಿ ಹಸಿರಿಗೆ ಅಡ್ಡ ನಿಂತ ದೃಶ್ಯವನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಯಾರು ಬೇಕಾದರೂ ಬಂದು ವಾದಿಸಲಿ.

ಮುಂದಿನ ವರ್ಷ ಕಾಲುವೆಯ ಆಚೆಯ ಮನೆಗಳವರು ಬೀಜ ಕೇಳಿಕೊಂಡು ಬಂದರು. ಅತ್ತೆ ತಾವು ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಕಿರಿಯ ಸೊಸೆಯನ್ನು ಕಳಿಸಿದರು. ಅವರ ಮುಂದಿನವರಿಗೆ ಆಚೆಯ ಹೆಂಗಸರೇ ಕಲಿಸಿದರು. ನಾಲ್ಕನೆಯ ವರ್ಷ ಹಳೆಯ ಮಂಚಗಳನ್ನು ಉತ್ತು ಭತ್ತ ಹಾಕಿ, ಹೊಸ ಜಾಗದಲ್ಲಿ ಮಂಚ ಏರಿಸಿದಾಗ, ಆ ಭತ್ತಕ್ಕೆ ಮೂಟೆ ಗೊಬ್ಬರವೇ ಬೇಕಾಗಲಿಲ್ಲ. ಇದು ತನ್ನ ಸ್ವಂತ ಕಲ್ಪನೆ ಎಂದು ಅಜ್ಜ ಊರೆಲ್ಲ ಹೇಳಿಕೊಂಡು ತಿರುಗಿದ. ಅತ್ತೆಗೆ ಅದನ್ನು ಕೇಳಿ ಪರಮ ಸಂತೋಷ. "ಅಂವ ನಂದು ಅಂದನಲ್ಲ, ಮುಗೀತು. ಇನ್ನ ಯಾರೂ ಅದನ್ನ ಕಿತ್ತಾಕಾಕ ಆಗೂದಿಲ್ಲ."

ಹೋದ ವರ್ಷ ಅತ್ತೆ ತೀರಿಕೊಂಡರು. ಎರಡೇ ದಿನ ಆಸ್ಪತ್ರೆ. ಬೆಳಿಗ್ಗೆ ಒಂಬತ್ತಕ್ಕೇ ಊರಿಗೆ ಫೋನ್ ಮಾಡಿದ್ದೆ. ಆ ಮಂಚಗಳ ಊರಿನವರು ಕ್ರೋಂಪೇಟೆಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಹದಿನೇಳು ಹೆಂಗಸರು, ಹಿಂದೆ ಕೋಲೂರಿಕೊಂಡು ಅಜ್ಜ. ಅತ್ತೆಯ ತಮ್ಮ ಸ್ವಲ್ಪ ಬೇಸರದಿಂದಲೇ, "ಇಷ್ಟು ಹೊತ್ತಾಯ್ತಲ್ಲ" ಎಂದರು.

ಕಿರಿಯ ಸೊಸೆ ಕಣ್ಣೊರೆಸಿಕೊಂಡು ಹೇಳಿದಳು: "ಹೂವು ಬಿಟ್ಟಿತ್ತು ಸಾರ್. ಕೊಯ್ಲಿನ ದಿನ ಇವತ್ತೇ. ಕೊಯ್ದು, ಬಾಡಲು ಹರವಿ ಬಂದೆವು. ಬಿಟ್ಟು ಬಂದಿದ್ದರೆ ಅಮ್ಮ ಎದ್ದು ಕೂತು ಬೈಯುತ್ತಿದ್ದರು."

ಎಲ್ಲ ಮುಗಿದ ಮೇಲೆ ಅವರನ್ನು ಸ್ಟೇಷನ್ನಿಗೆ ಬಿಡಲು ಹೋದೆ. ಪ್ಲಾಟ್‌ಫಾರಮ್ಮಿನಲ್ಲಿ ಕಿರಿಯ ಸೊಸೆಯನ್ನು ಕೇಳಿಬಿಟ್ಟೆ. ಇಷ್ಟು ವರ್ಷ ಕೇಳಲು ಧೈರ್ಯವಾಗಿರಲಿಲ್ಲ. "ಆ ಮೊದಲ ಕೊಯ್ಲಿನ ಹಿಂದಿನ ದಿನ, ಬುಡ ಬಿಡಬೇಕು ಅಂತ ನಾನು ನಿಮಗೆ ಹೇಳಿದ್ದೆನಾ, ಇಲ್ಲವಾ?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಹೇಳಿದ್ದಿರಲ್ಲ ಸಾರ್. ಐದು ಸೆಂಟಿಮೀಟರ್ ಬಿಡಿ ಅಂದಿರಿ. ನಾವೆಲ್ಲ ತಲೆಯಾಡಿಸಿದೆವು. ನಮ್ಮಲ್ಲಿ ಯಾರ ಕೈಯಲ್ಲಿ ಸೆಂಟಿಮೀಟರ್ ಇತ್ತು?"

ಹೇಳಿದ್ದೆ ಎಂಬ ಸಮಾಧಾನ ನಾನು ಅಂದುಕೊಂಡಷ್ಟು ಹೊತ್ತು ಉಳಿಯಲಿಲ್ಲ. ನನ್ನ ಮಾತನ್ನು ನಂಬಲಾಗದೆ ಅತ್ತೆ ಆ ತಪ್ಪನ್ನು ಹೊತ್ತರೆಂದು ನಾನು ಎಣಿಸಿದ್ದೆ. ಅವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಹೇಳಿದರೂ ಹೇಳದಿದ್ದರೂ, ನಿಂತು ನೋಡದೆ ಬಂದವನು ನಾನು; ಕಳಿಸಿದವರು ಅವರು. ನನ್ನ ಪಾಲನ್ನೂ ಸೇರಿಸಿ ಮಳೆಯಲ್ಲಿ ಐದು ಮನೆಗೆ ಕೇಳಿಸುವ ಹಾಗೆ ಒಪ್ಪಿಕೊಂಡಿದ್ದರು.

ಗಾಡಿ ಬಂತು. ಹತ್ತುವ ಮೊದಲು ಅಜ್ಜ ನನ್ನ ಭುಜ ಹಿಡಿದುಕೊಂಡ. ರೈಲು ಹಳಿಯ ಪಶ್ಚಿಮಕ್ಕೆ ಇನ್ನೊಂದು ಊರಿನವರು ಮಂಚ ಏರಿಸಿ ಕಾಯುತ್ತಿದ್ದಾರಂತೆ, ಕಲಿಸಲು ಇವರೇ ಹೋಗುತ್ತಾರಂತೆ.

"ಗುರುವಾರ ಬನ್ನಿ ಡಾಕ್ಟರ್. ಅಮ್ಮ ಇಲ್ಲ ಅಂತ ತಪ್ಪಿಸಬೇಡಿ."

"ಬರುತ್ತೇನೆ. ಅಲ್ಲಿಯವರಿಗೆ ಏನೇನು ಹೇಳಬೇಕು ಅಂತ..."

"ನೀವು ಏನೂ ಹೇಳಬೇಡಿ ಸಾರ್" ಎಂದಳು ಸೊಸೆ, ಬಾಗಿಲಲ್ಲಿ ನಿಂತು, ಅತ್ತ ಕಣ್ಣಿನಲ್ಲೇ ನಗುತ್ತಾ. "ಬೀಜ ಮಾತ್ರ ತನ್ನಿ."

ಗುರುವಾರ ಬೆಳಗಿನ ಮೊದಲ ಗಾಡಿಗೆ ಬೀಜದ ಚೀಲ ಹೊತ್ತು ಹೋದೆ. ಸಂಜೆಯವರೆಗೆ ನಿಂತು ನೋಡಿದೆ.